ವಾದಿ ಕಬೀರಿನ ಟೆರೇಸಿನಲ್ಲಿ ಬಿಳಿ ಕೊಕ್ಕರೆ

ಮಸ್ಕತ್ತಿಗೆ ಬಂದ ಮೂರನೆಯ ಬೆಳಿಗ್ಗೆ ಬಟ್ಟೆ ಒಣಹಾಕಲು ಟೆರೇಸಿಗೆ ಹೋದವಳು ಬಕೆಟ್ಟನ್ನು ಅಲ್ಲೇ ಬಿಟ್ಟು ಓಡಿ ಬಂದೆ. ನೀರಿನ ಟ್ಯಾಂಕುಗಳ ಆಚೆ ಒಬ್ಬ ಹೆಂಗಸು ನಿಂತಿದ್ದಳು. ಐವತ್ತು ದಾಟಿದ, ಗಿಡ್ಡನೆಯ ಹೆಂಗಸು. ಮೈಮೇಲೆ ಹೋಟೆಲಿನ ಅಡುಗೆಯವರು ತೊಡುವ ಬಿಳಿ ಅಂಗಿ, ಕಾಲಿಗೆ ಚಪ್ಪಲಿ ಇಲ್ಲ. ಐದೂ ಬೆರಳುಗಳನ್ನು ಹಕ್ಕಿಯ ಕೊಕ್ಕಿನಂತೆ ಕೂಡಿಸಿಕೊಂಡು ಗಾಳಿಯನ್ನು ಕುಕ್ಕುತ್ತಿದ್ದಳು. ಕುಕ್ಕಿದ ಮೇಲೆ, ನೆನೆದ ಕೋಳಿ ಮೈ ಕೊಡವಿಕೊಳ್ಳುವ ಹಾಗೆ, ಸೊಂಟದಿಂದ ಬೆರಳ ತುದಿಯವರೆಗೆ ಒಮ್ಮೆ ಅದುರುತ್ತಿದ್ದಳು. ಮೂಗಿನಿಂದ ಬುಸ್ ಎಂಬ ಸದ್ದು. ಅವಳ ಹಿಂದೆ ಒಂದು ಹುಲ್ಲುಕಡ್ಡಿಯೂ ಇಲ್ಲದ ಕಂದು ಗುಡ್ಡಗಳು, ಯಾರೋ ಬೆಂಕಿ ಹಾಕಿ ಸುಟ್ಟುಬಿಟ್ಟು ಹೋದಂತೆ ನಿಂತಿದ್ದವು.

ಇವರು ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತಿದ್ದರು. "ಮೇಲೆ ಒಬ್ಬಳಿಗೆ ಎಂತದೋ ಆಗಿದೆ" ಎಂದೆ.

"ಅದು ಕೆಳಗಿನ ಫ್ಲ್ಯಾಟಿನ ಚೀನದವಳು ಮಾರಾಯ್ತಿ. ಖುರುಮ್‌ನಲ್ಲಿ ಹೋಟೆಲಿನ ಕಿಚನ್ನಿನಲ್ಲಿ ಕೆಲಸ. ದಿನಾ ಅದನ್ನೇ ಮಾಡುವುದು. ನೀನು ಹೋಗಿ ಬಟ್ಟೆ ಹಾಕಿ ಬಾ" ಎಂದರು.

ನಾನು ಹೋಗಲಿಲ್ಲ. ಮಧ್ಯಾಹ್ನ ಹೋಗಿ ನೋಡಿದಾಗ ಬಕೆಟ್ಟು ಖಾಲಿಯಾಗಿತ್ತು. ಬಟ್ಟೆಗಳೆಲ್ಲ ಹಗ್ಗದ ಮೇಲಿದ್ದವು, ಆಗಲೇ ಹಪ್ಪಳದಂತೆ ಒಣಗಿದ್ದವು.

ನಾನು ಕಲ್ಯಾಣಪುರದವಳು. ಮನೆಮಾತು ಕೊಂಕಣಿ, ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮದುವೆಗೆ ಮೊದಲು ಪ್ರೈಮರಿ ಶಾಲೆಯ ಟೀಚರ್ ಆಗಿದ್ದೆ. ಇವರು, ಅಂದರೆ ನನ್ನ ಗಂಡ ಗ್ರೆಗರಿ, ವಾದಿ ಕಬೀರಿನ ಒಂದು ಗ್ಯಾರೇಜಿನಲ್ಲಿ ಸ್ಪೇರ್ ಪಾರ್ಟ್ಸಿನ ಸ್ಟೋರ್‌ಕೀಪರ್. ನಾನು ಬಂದದ್ದು ಎಂಬತ್ತರ ದಶಕದ ನಡುವಿನಲ್ಲಿ. ನನ್ನ ವೀಸಾದ ಮೇಲೆ ಕೆಲಸ ಮಾಡುವಂತಿಲ್ಲ ಎಂದು ಅಚ್ಚು ಒತ್ತಿದ್ದರು. ಐದು ವರ್ಷ ನಲವತ್ತು ಮಕ್ಕಳ ಗದ್ದಲದಲ್ಲಿ ಬದುಕಿದವಳಿಗೆ ಇಡೀ ದಿನ ಏ.ಸಿ.ಯ ಗುಂಯ್ ಎಂಬ ಸದ್ದು ಮಾತ್ರ ಉಳಿಯಿತು.

ವಾದಿ ಎಂದರೆ ಅರಬ್ಬಿಯಲ್ಲಿ ನೀರಿಲ್ಲದ ಹೊಳೆಯ ಪಾತ್ರ. ಕಬೀರ್ ಎಂದರೆ ದೊಡ್ಡದು. ದೊಡ್ಡದೊಂದು ಒಣ ಹೊಳೆಯೊಳಗೆ ನಮ್ಮ ಮನೆ ಎಂದು ಅಮ್ಮನಿಗೆ ಬರೆದಾಗ ಅವರು ಗಾಬರಿಯಾಗಿ, ಹೊಳೆ ಬಂದರೆ ಎತ್ತ ಓಡುತ್ತೀರಿ ಎಂದು ಕೇಳಿ ಬರೆದರು. ಊರಿನಲ್ಲಿ ಬಿಸಿನೀರು ಬೇಕಾದರೆ ಹಂಡೆಯ ಕೆಳಗೆ ಒಲೆ ಉರಿಸುತ್ತೇವೆ. ಇಲ್ಲಿ ಜೂನ್ ತಿಂಗಳಲ್ಲಿ ತಣ್ಣೀರಿನ ನಲ್ಲಿಯಿಂದಲೇ ಕೈ ಸುಡುವ ನೀರು ಬರುತ್ತದೆ. ಗೀಸರನ್ನು ಆರಿಸಿಟ್ಟು, ಅದರೊಳಗೆ ನಿಂತು ತಣಿದ ನೀರಿನಲ್ಲಿ ಸ್ನಾನ ಮಾಡಬೇಕು. ನಮ್ಮಲ್ಲಿ ಬೂತಾಯಿ ಮೀನು ಕಾಯಿ ಅರೆದ ಗಸಿಗೆ. ಇಲ್ಲಿ ಒಣಗಿಸಿ ಒಂಟೆಗೂ ಹಾಕುತ್ತಾರೆ. ಕುಚ್ಚಲಕ್ಕಿ ಊರಿಂದ ಬರುವವರ ಪೆಟ್ಟಿಗೆಯಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಖುಬ್ಬೂಸ್ ಎಂಬ ಅಂಗಡಿಯ ದಪ್ಪ ರೊಟ್ಟಿ. ಇವರು ಏಳು ಗಂಟೆಗೆ ಹೋಗಿ ಒಂದಕ್ಕೆ ಊಟಕ್ಕೆ ಬರುವರು, ನಾಲ್ಕಕ್ಕೆ ಮತ್ತೆ ಹೋಗಿ ಎಂಟಕ್ಕೆ ಬರುವರು. ಆ ಎರಡು ಹೊತ್ತಿನ ನಡುವೆ ನಾನು ಯಾರೊಡನೆಯೂ ಒಂದು ಮಾತು ಆಡದ ದಿನಗಳಿದ್ದವು.

ಎರಡನೆಯ ವರ್ಷ ಬಸುರಿಯಾದೆ. ಎಂಟನೆಯ ತಿಂಗಳಲ್ಲಿ ಮಗು ಹೊಟ್ಟೆಯೊಳಗೇ ಹೋಯಿತು. ಗಂಡು ಮಗು. ನಾನು ಆಸ್ಪತ್ರೆಯ ಮಂಚದಲ್ಲಿದ್ದಾಗ ಇವರೂ ಇಗರ್ಜಿಯ ನಾಲ್ವರು ಗಂಡಸರೂ ಸೇರಿ ಕ್ರೈಸ್ತರ ಸ್ಮಶಾನದಲ್ಲಿ ಮಣ್ಣು ಮಾಡಿ ಬಂದರು. ನಾನು ಮುಖ ನೋಡಲಿಲ್ಲ. ನೋಡುತ್ತೀಯಾ ಎಂದು ನರ್ಸ್ ಕೇಳಿದಳು, ಬೇಡವೆಂದೆ. ಊರಿಗೆ ಕಾಗದ ಹೋಗಿ ಮುಟ್ಟಲು ಹದಿನೈದು ದಿನ. ಹಾಗಾಗಿ, ಎಲ್ಲ ಮುಗಿದ ಮೇಲೆ ಒಂದು ದಿನ, ಹೆಣ್ಣಾದರೆ ಈ ಹೆಸರು, ಗಂಡಾದರೆ ಈ ಹೆಸರು ಎಂದು ಅಮ್ಮ ಬರೆದ ಕಾಗದ ಬಂತು. ಅದನ್ನು ಓದಿ, ಮಡಚಿ, ಅಕ್ಕಿಯ ಡಬ್ಬದ ಹಿಂದೆ ಇಟ್ಟೆ.

ಆಮೇಲೆ ನಾನು ಬೆಳಿಗ್ಗೆ ಎದ್ದು ಟೆರೇಸಿಗೆ ಹೋಗಿ ನಿಲ್ಲತೊಡಗಿದೆ. ಸೂರ್ಯ ಗುಡ್ಡ ಹತ್ತುವ ಮೊದಲು ಅಲ್ಲಿ ಅರ್ಧ ಗಂಟೆಯಷ್ಟು ತಂಪು ಇರುತ್ತಿತ್ತು. ಚೀನದ ಹೆಂಗಸು ತನ್ನ ಪಾಡಿಗೆ ತಾನು, ನಾನು ನನ್ನ ಪಾಡಿಗೆ. ಒಂದು ದಿನ ಮೋಟುಗೋಡೆಯ ಅಂಚಿಗೆ ತೀರ ಹತ್ತಿರ ನಿಂತಿದ್ದೆ. ಕೆಳಗೆ ಗ್ಯಾರೇಜಿನ ತಗಡಿನ ಮಾಡು ಕಾಣುತ್ತಿತ್ತು. ಅಂದು ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ಇಂದಿಗೂ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಅವಳು ಬಂದು ನನ್ನ ಮೊಣಕೈ ಹಿಡಿದು ಟೆರೇಸಿನ ನಡುಮಧ್ಯಕ್ಕೆ ಎಳೆದುಕೊಂಡು ಹೋದಳು. ಅಲ್ಲಿ ನಿಲ್ಲಿಸಿ ಒಂದೇ ಬೆರಳಿನಿಂದ ಎದೆಗೆ ನೂಕಿದಳು. ನಾನು ಎರಡು ಹೆಜ್ಜೆ ಹಿಂದಕ್ಕೆ ಮುಗ್ಗರಿಸಿದೆ.

"ಕಾಲಿಗೆ ಬೇರಿಲ್ಲ" ಎಂದಳು. ಆಮೇಲೆ, "ನಾಳೆ ಬಾ. ನಿಲ್ಲಲು ಕಲಿಸುತ್ತೇನೆ."

ಅವರ ಹೆಸರು ಲಿಮ್. ಚೀನದವರೆಂದು ನಾವೆಲ್ಲ ಹೇಳುತ್ತಿದ್ದೆವು, ಆದರೆ ಅವರು ಹುಟ್ಟಿದ್ದು ಮಲೇಷ್ಯಾದಲ್ಲಿ. ಚೀನವನ್ನು ಕಣ್ಣಿಂದ ನೋಡಿದವರಲ್ಲ. ತನ್ನನ್ನು 'ಆಕೊ' ಎಂದು ಕರೆಯಬೇಕೆಂದರು. ಅವರ ಹೊಕ್ಕಿಯೆನ್ ಭಾಷೆಯಲ್ಲಿ ಅಪ್ಪನ ತಂಗಿಗೆ, ಅಂದರೆ ಸೋದರತ್ತೆಗೆ, ಹಾಗೆನ್ನುತ್ತಾರೆ. ಗುರು ಎಂದು ಕರೆಯಲು ಮಾತ್ರ ಬಿಡಲಿಲ್ಲ. ನಮ್ಮಿಬ್ಬರ ನಡುವೆ ಹೋಟೆಲಿನ ಇಂಗ್ಲಿಷು, ಅಡುಗೆಮನೆಯ ಹಿಂದಿ ಮತ್ತು ನಾಲ್ಕಾರು ಅರಬ್ಬಿ ಮಾತುಗಳ ಒಂದು ಭಾಷೆ ಹುಟ್ಟಿಕೊಂಡಿತು. ಇಲ್ಲಿ ನಾನು ಅವರ ಮಾತನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಆದರೆ ಅವರು ಒಮ್ಮೆಗೆ ನಾಲ್ಕೈದು ಪದಗಳಿಗಿಂತ ಹೆಚ್ಚು ಆಡಿದವರಲ್ಲ.

ಮೊದಲ ಎರಡು ತಿಂಗಳು ಬರೀ ನಿಂತೆ. ಒಂದು ಕಾಲು ಒಂದು ಹೆಜ್ಜೆ ಮುಂದೆ, ಎರಡೂ ಪಾದಗಳ ಬೆರಳು ಸ್ವಲ್ಪ ಒಳಮುಖ, ಮಂಡಿ ಸಡಿಲ, ಬಾಲದ ಮೂಳೆ ಒಳಗೆ, ಎದೆ ಉಬ್ಬಿಸಬಾರದು, ಭುಜ ಏರಬಾರದು. ಮೊಣಕೈಗಳು ಪಕ್ಕೆಯಿಂದ ಒಂದು ಮುಷ್ಟಿಯಷ್ಟೇ ದೂರ, ನೆಲದ ಕಡೆಗೆ ಜಗ್ಗಿದಂತೆ. ನೋಡಿದವರಿಗೆ ಬಸ್ಸಿಗೆ ಕಾದು ನಿಂತವಳಂತೆ ಕಾಣುತ್ತಿದ್ದೆ. ಒಳಗೆ ಮಾತ್ರ ತೊಡೆ ನಡುಗಿ ಬೆವರು ಹಿಮ್ಮಡಿಗೆ ಇಳಿಯುತ್ತಿತ್ತು. ಈ ನಿಲುವಿಗೆ ಅವರಲ್ಲಿ 'ಸಾ ಚಿಯೆನ್' ಎಂದು ಹೆಸರು. ಮೂರು ಕಾಳಗ ಎಂದು ಅರ್ಥ.

"ಯಾರೊಡನೆ ಕಾಳಗ?" ಎಂದು ಕೇಳಿದೆ.

"ಮೈಯೊಡನೆ ಒಂದು. ಉಸಿರಿನೊಡನೆ ಒಂದು. ಮೂರನೆಯದು ನಿನಗೇ ಗೊತ್ತು" ಎಂದರು.

ನಿಲುವು ನಿಂತ ಮೇಲೆ ಮೂರು ಹೆಜ್ಜೆ ಮುಂದೆ, ತಿರುವು, ಮತ್ತೆ ಮೂರು ಹೆಜ್ಜೆ. ಇದರೊಡನೆ ನಾಲ್ಕು ಮಾತು ಕಲಿಸಿದರು: ನುಂಗು, ಉಗುಳು, ತೇಲು, ಮುಳುಗು. ಬಂದ ಪೆಟ್ಟನ್ನು ಎದೆ ಹಿಂದೆಗೆದು ಒಳಗೆ ಸೆಳೆದುಕೊಳ್ಳುವುದು ನುಂಗುವುದು; ಅದೇ ಬಲವನ್ನು ಹೊರಗೆ ಬಿಡುವುದು ಉಗುಳುವುದು. ಎದುರಾಳಿಯ ಕಾಲು ನೆಲ ಬಿಡುವಂತೆ ಮೇಲಕ್ಕೆ ಎತ್ತುವುದು ತೇಲಿಸುವುದು. ತನ್ನ ಇಡೀ ಭಾರವನ್ನು ಮೊಣಕೈಯ ಮೂಲಕ ಅವನ ಕೈಮೇಲೆ ಇಳಿಸುವುದು ಮುಳುಗುವುದು. ಮುಂಗೈಯನ್ನು ಅವರು ಸೇತುವೆ ಎನ್ನುತ್ತಿದ್ದರು. ಎದುರಿಗಿರುವವನ ಮುಂಗೈಗೆ ನಮ್ಮದು ತಗಲಿದ ಕೂಡಲೇ ಕಣ್ಣು ಬೇಕಿಲ್ಲ, ಅವನು ಏನು ಮಾಡಲಿದ್ದಾನೆಂದು ಚರ್ಮವೇ ಹೇಳುತ್ತದೆ. ಕಾಲನ್ನು ಮಂಡಿಗಿಂತ ಮೇಲೆ ಎತ್ತುವ ಮಾತೇ ಇಲ್ಲ. ಮುಷ್ಟಿ ಕಡಿಮೆ, ಕೊಕ್ಕಿನಂತೆ ಕೂಡಿಸಿದ ಬೆರಳು, ರೆಕ್ಕೆಯಂತೆ ಬಡಿದು ಸರಿಸುವ ತೋಳು. ಎಲ್ಲಕ್ಕೂ ಕೊನೆಯಲ್ಲಿ, ನಾನು ಮೊದಲ ದಿನ ನೋಡಿ ಓಡಿದ ಆ ಅದುರು. ಬಲ ತೋಳಿನದಲ್ಲ, ಸೊಂಟದ್ದು. ನೀರು ಕೊಡವುವ ಹಕ್ಕಿ ಯಾವ ಗರಿಯನ್ನೂ ಬೇರೆಯಾಗಿ ಅಲುಗಿಸುವುದಿಲ್ಲ ಎಂದು ಅವರು ಹೇಳುತ್ತಿದ್ದರು.

ಈ ವಿದ್ಯೆಯ ಹೆಸರು ಬಿಳಿ ಕೊಕ್ಕರೆ. ಅದು ಹುಟ್ಟಿದ ಕಥೆಯನ್ನು ಅವರ ರಜಾದಿನಗಳಲ್ಲಿ, ಅವರ ಫ್ಲ್ಯಾಟಿನ ನೆಲದ ಮೇಲೆ ಕುಳಿತು ಹಿಟ್ಟಿನ ಕಡುಬು ಮಡಚುತ್ತ ತುಂಡು ತುಂಡಾಗಿ ಕೇಳಿದೆ. ಚೀನದ ತೆಂಕಣ ಕರಾವಳಿಯ ಹೊಕ್ಕಿಯೆನ್ ಪ್ರಾಂತದಲ್ಲಿ ಫಾಂಗ್ ಎಂಬ ಮನೆತನ. ತಂದೆ ಕಾಳಗ ಕಲಿಸುವವನು, ಮಗಳೂ ಅವನಿಂದ ಕಲಿತಿದ್ದಳು. ಊರು ಬಿಟ್ಟು ಬಂದು ಒಂದು ಗುಡಿಯ ಬದಿಯಲ್ಲಿ ಬಿಡಾರ ಮಾಡಿದ್ದರು. ಒಂದು ದಿನ ಅವಳು ನಾರು ಒಣಗಿಸುತ್ತಿದ್ದಾಗ ಬಿಳಿ ಕೊಕ್ಕರೆಯೊಂದು ಬಂದು ಕುಳಿತಿತು. ಓಡಿಸಲು ಬಿದಿರು ಕೋಲಿನಿಂದ ತಲೆಗೆ ಬೀಸಿದಳು. ಅದು ಕತ್ತು ಸರಿಸಿತು. ರೆಕ್ಕೆಗೆ ಬೀಸಿದಳು, ರೆಕ್ಕೆಯಿಂದಲೇ ಕೋಲನ್ನು ತಳ್ಳಿ ಒಂದು ಹೆಜ್ಜೆ ಹಿಂದೆ ಸರಿಯಿತು. ಮೈಗೆ ತಿವಿದಳು, ಕೊಕ್ಕಿನಿಂದ ಕೋಲಿನ ತುದಿಯನ್ನು ಕುಕ್ಕಿತು. ಹಾರಿಹೋಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. ಅವಳು ಕೋಲು ಕೆಳಗಿಟ್ಟು ಅದನ್ನು ನೋಡುತ್ತ ಕುಳಿತಳು. ಹಾಗೆ ದಿನಗಟ್ಟಲೆ ನೋಡಿ, ಅಪ್ಪನ ವಿದ್ಯೆಯೊಡನೆ ಹಕ್ಕಿಯದನ್ನು ಸೇರಿಸಿ ಹೊಸತೊಂದು ಕಟ್ಟಿದಳು. ಮದುವೆಯಾಗಿ ಎಂಗ್ ಚುನ್ ಎಂಬ ಊರಿಗೆ ಹೋದಳು. ಅಲ್ಲಿಂದ ವಿದ್ಯೆ ಹಬ್ಬಿತು.

"ಇದು ಎಷ್ಟು ಕಾಲದ ಹಿಂದೆ?"

"ಅಜ್ಜ ಮುನ್ನೂರು ವರ್ಷ ಅನ್ನುತ್ತಿದ್ದರು. ಅಜ್ಜ ಎಲ್ಲದಕ್ಕೂ ಮುನ್ನೂರು ವರ್ಷ ಅನ್ನುತ್ತಿದ್ದರು."

ಆ ಅಜ್ಜ ಎಂಗ್ ಚುನ್‌ನಿಂದ ಹಡಗು ಹತ್ತಿ ಮಲಯಕ್ಕೆ ಬಂದು ರಬ್ಬರು ತೋಟದಲ್ಲಿ ಕೂಲಿ ಮಾಡಿದವರು. ಅಪ್ಪ ಮೂಳೆ ಕೂರಿಸುವ ವೈದ್ಯರು. ಅಂಗಡಿಯ ಹಿಂದಿನ ಅಂಗಳದಲ್ಲಿ ಸಂಜೆ ಹೊತ್ತು ಗಂಡುಮಕ್ಕಳಿಗೆ ಕೊಕ್ಕರೆ ಕಲಿಸುತ್ತಿದ್ದರು. ಹೆಣ್ಣುಮಕ್ಕಳಿಗೆ ಕಲಿಸುವಂತಿರಲಿಲ್ಲ. ಅವರು ಬೇರೆ ಮನೆಗೆ ಹೋಗುವವರು, ವಿದ್ಯೆಯನ್ನೂ ಹೊತ್ತುಕೊಂಡು ಹೋಗುತ್ತಾರೆ.

"ಆದರೆ ಕಟ್ಟಿದವಳೇ ಹೆಣ್ಣಲ್ಲವಾ" ಎಂದೆ.

"ಅಪ್ಪನಿಗೂ ಹಾಗೆಯೇ ಹೇಳಿದೆ. ಕೆನ್ನೆಗೆ ಹೊಡೆದರು. ಆಮೇಲೆ ಅಡುಗೆಮನೆಯ ಕಿಟಕಿಯ ಸಂದಿಯಿಂದ ನೋಡಿ ಕಲಿತೆ. ಹನ್ನೆರಡು ವರ್ಷ. ಪಾತ್ರೆ ತೊಳೆಯುತ್ತ."

ಅಣ್ಣ ಕಲಿತು ಬಿಟ್ಟುಬಿಟ್ಟನಂತೆ. ಆಕೊ ಮದುವೆಯಾಗಿ, ಗಂಡ ಬೇರೊಬ್ಬಳೊಡನೆ ಹೋಗಿ, ಹೋಟೆಲಿನ ಅಡುಗೆಮನೆಗಳಲ್ಲಿ ಕಡುಬು ಮಡಚುತ್ತ ಊರಿಂದೂರಿಗೆ ಬಂದು, ಕೊನೆಗೆ ಮಸ್ಕತ್ತಿನಲ್ಲಿ ನಿಂತರು. ಯಾರಿಗೂ ಕಲಿಸಿರಲಿಲ್ಲ. ಕಲಿಸಲು ತನಗೆ ಅಪ್ಪಣೆ ಇಲ್ಲವೆಂದು ಅವರು ನಂಬಿದ್ದರು. ನನಗೆ ಏಕೆ ಕಲಿಸಿದಿರಿ ಎಂದು ಕೇಳಿದ್ದಕ್ಕೆ, "ನೀನು ಅಂಚಿನಲ್ಲಿ ನಿಂತಿದ್ದೆ. ನನಗೆ ಬೇರೇನು ಬರುತ್ತದೆ?" ಎಂದರು.

ಐದಾರು ತಿಂಗಳ ಮೇಲೆ ಒಂದು ಸಣ್ಣ ಘಟನೆ. ರೂವಿಯಿಂದ ಮತ್ರಾಹ್‌ಗೆ ಹೋಗುವ, ನಾಲ್ಕೈದು ಜನ ಸೇರಿ ಹತ್ತುವ ಟ್ಯಾಕ್ಸಿಯಲ್ಲಿ ಪಕ್ಕದ ಗಂಡಸು ಮೈಗೆ ಮೈ ಒತ್ತತೊಡಗಿದ. ಮೊದಲಾಗಿದ್ದರೆ ಕಿಟಕಿಗೆ ಅಂಟಿಕೊಂಡು, ಇಳಿಯುವವರೆಗೆ ಉಸಿರು ಬಿಗಿಹಿಡಿದು ಕೂರುತ್ತಿದ್ದೆ. ಅಂದು ಭುಜ ಇಳಿಸಿ ಮೊಣಕೈಯನ್ನು ಅವನ ಮುಂಗೈಮೇಲೆ ಇಟ್ಟು ಮೆಲ್ಲನೆ ಮುಳುಗಿದೆ. ಅಷ್ಟೇ. ಅವನ ಕೈ ಸೀಟಿಗೆ ಕಚ್ಚಿಕೊಂಡಿತು. "ಖಲಾಸ್" ಎಂದೆ, ಆಯಿತು, ಮುಗಿಯಿತು ಎಂಬುದಕ್ಕೆ ಇಲ್ಲಿನ ಮಾತು. ಅವನು ಮುಂದಿನ ತಿರುವಿನಲ್ಲೇ ಇಳಿದುಹೋದ. ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿದ. ನಾನು ಅರಬ್ಬಿಯಲ್ಲಿ ಅರ್ಥಪೂರ್ಣವಾಗಿ ಆಡಿದ ಮೊದಲ ಮಾತು ಅದೇ ಇರಬೇಕು.

ಆ ವಾರವೇ ಆಕೊ, "ಮಗು ಎಲ್ಲಿದೆ?" ಎಂದು ಕೇಳಿದರು. ನಾನು ಹೋಗಿಯೇ ಇಲ್ಲವೆಂದೆ. "ನಾಳೆ ಹೋಗೋಣ."

ಮರುದಿನ ಶುಕ್ರವಾರ, ಇವರಿಗೆ ರಜೆ. ಕಾರು ತಂದರು. ಎರಡು ಗುಡ್ಡಗಳ ನಡುವಿನ ಜಾಗ. ನಮ್ಮೂರ ಇಗರ್ಜಿಯ ಸಿಮಿತ್ರಿಯಲ್ಲಿ ಅಜ್ಜ, ಮುತ್ತಜ್ಜ ಎಲ್ಲ ಒಂದೇ ಸಾಲಿನಲ್ಲಿ ಮಲಗಿದ್ದಾರೆ, ಸುತ್ತ ಹುಲ್ಲು ಬೆಳೆದು ದನ ನುಗ್ಗುತ್ತವೆ. ಇಲ್ಲಿ ಬರೀ ಜಲ್ಲಿ. ಯಾವ್ಯಾವುದೋ ದೇಶದ ಹೆಸರುಗಳು. ಮೊಳದುದ್ದದ ಒಂದು ಸಿಮೆಂಟು ಚೌಕದ ಮುಂದೆ ಇವರು ನಿಂತರು. ಆಕೊ ಚೀಲದಿಂದ ಎರಡು ಕಿತ್ತಳೆ ತೆಗೆದು ಅದರ ಮೇಲಿಟ್ಟು, ದೂರ ಹೋಗಿ ನಿಂತುಕೊಂಡರು. ಇವರು ಅಂದು ನನ್ನೆದುರು ಮೊದಲ ಸಲ ಅತ್ತರು. ಅಷ್ಟು ದಿನ ಈ ಮನುಷ್ಯ ಒಬ್ಬರೇ ಇಲ್ಲಿಗೆ ಬಂದು ಹೋಗುತ್ತಿದ್ದರೆಂದು ನನಗೆ ಗೊತ್ತೇ ಇರಲಿಲ್ಲ. ನಾನು ಅಳಲಿಲ್ಲ. ಕಾಲು ನೆಲದ ಮೇಲೆ ಸರಿಯಾಗಿ ಊರಿತ್ತು, ಅದೊಂದೇ ನೆನಪು.

ಎರಡು ವರ್ಷದ ಮೇಲೆ ಮಗಳು ಜೆಸಿಂತಾ ಹುಟ್ಟಿದಳು. ಬಾಣಂತನಕ್ಕೆ ಅಮ್ಮ ಬರಬೇಕಿತ್ತು, ವೀಸಾ ಆಗಲಿಲ್ಲ. ಆಕೊ ಹೋಟೆಲಿನ ಕೆಲಸ ಮುಗಿಸಿ ಬಂದು ಶುಂಠಿ, ಎಳ್ಳೆಣ್ಣೆ ಹಾಕಿದ ಕೋಳಿ ಸಾರು ಮಾಡಿ ಕುಡಿಸಿದರು. ನಮ್ಮ ಕಡೆ ಬಾಣಂತಿಗೆ ಕರಿಮೆಣಸು, ಅವರ ಕಡೆ ಶುಂಠಿ. ತಣ್ಣೀರು ಮುಟ್ಟಬಾರದು, ಗಾಳಿಗೆ ಹೋಗಬಾರದು ಎಂಬುದೆಲ್ಲ ಎರಡೂ ಕಡೆ ಒಂದೇ. ಮಗುವನ್ನು ಮಡಿಲಲ್ಲಿಟ್ಟುಕೊಂಡು ಅವರು ಹೊಕ್ಕಿಯೆನ್‌ನಲ್ಲಿ ಏನೋ ಹೇಳುತ್ತಿದ್ದರು. ಅರ್ಥ ಕೇಳಿದರೆ ಹೇಳುತ್ತಿರಲಿಲ್ಲ.

ಜೆಸಿಂತಾ ಶಾಲೆಗೆ ಸೇರಿದ ವರ್ಷ ನನ್ನ ಕಣ್ಣಿಗೆ ಒಂದು ಬದಲಾವಣೆ ಬಿತ್ತು. ಆಕೊ ಮಡಚುವ ಕಡುಬಿನ ಅಂಚಿನಲ್ಲಿ ಸೀರೆಯ ನೆರಿಗೆಯಂತೆ ಒಂದೇ ಸಮನಾದ ಮಡಿಕೆಗಳಿರುತ್ತಿದ್ದವು. ಈಗ ಅವು ಸೊಟ್ಟಗಾಗಿದ್ದವು. ಟೆರೇಸಿನಲ್ಲಿ ಕೊನೆಯ ಅದುರು ಮುಗಿದ ಮೇಲೂ ಬಲಗೈ ನಿಲ್ಲುತ್ತಿರಲಿಲ್ಲ. ಅವರು ಅದನ್ನು ಎಡಗೈಯಲ್ಲಿ ಹಿಡಿದುಕೊಂಡು ಟ್ಯಾಂಕಿನ ಕಡೆ ತಿರುಗಿ ನಿಲ್ಲುತ್ತಿದ್ದರು.

"ಡಾಕ್ಟರಿಗೆ ತೋರಿಸಿ ಆಕೊ."

"ತೋರಿಸಿದರೆ ಹೋಟೆಲಿಗೆ ಗೊತ್ತಾಗುತ್ತದೆ."

ಹೇಗೂ ಗೊತ್ತಾಯಿತು. ಕೈ ನಡುಗುವವರಿಗೆ ಅಡುಗೆಮನೆಯಲ್ಲಿ ಏನು ಕೆಲಸ? ಹೋಟೆಲಿನವರು ಕೆಟ್ಟದಾಗಿ ನಡೆದುಕೊಳ್ಳಲಿಲ್ಲ. ಒಂದು ಸಂಜೆ ಕೇಕ್ ಕತ್ತರಿಸಿ, ಒಂದು ಕೈಗಡಿಯಾರ ಕೊಟ್ಟು, ವೀಸಾ ಮುಂದುವರಿಸುವುದಿಲ್ಲ ಎಂದರು. ಇಲ್ಲಿ ಇರಬೇಕಾದರೆ ಒಬ್ಬ ಕಫೀಲ್ ಬೇಕು. ಹೊರಗಿನವರ ಇರುವಿಕೆಗೆ ಹೊಣೆಯಾಗಿ ನಿಲ್ಲುವ ಒಮಾನಿಗೆ ಹಾಗೆನ್ನುತ್ತಾರೆ. ಕಫೀಲ್ ಕೈಬಿಟ್ಟರೆ ಎಷ್ಟು ವರ್ಷ ಇದ್ದಿದ್ದರೂ ಅಷ್ಟೇ. ಇವರು ತಮ್ಮ ಗ್ಯಾರೇಜಿನ ಅರಬಾಬನನ್ನು, ಅಂದರೆ ಯಜಮಾನನನ್ನು, ಕೇಳಿ ನೋಡಿದರು. "ಅರವತ್ತು ವರ್ಷದ ಕಾಯಿಲೆಯವಳನ್ನು ಯಾವ ಕೆಲಸಕ್ಕೆಂದು ಬರೆಸಲಿ ಗ್ರೆಗರಿ?" ಎಂದು ಅವನು ಕೇಳಿದನಂತೆ.

ಹೊರಡಲು ಎರಡು ವಾರ ಉಳಿದಿತ್ತು. ಆಕೊ ಟೆರೇಸಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ತರಿಸಿ ಕುಳಿತು, ನನ್ನಿಂದ ಇಡೀ ವರಸೆಯನ್ನು ಮೊದಲಿನಿಂದ ಮಾಡಿಸತೊಡಗಿದರು. ತನ್ನಿಂದ ಮಾಡಿ ತೋರಿಸಲಾಗದ್ದನ್ನು ಬಾಯಲ್ಲಿ ಹೇಳುತ್ತಿದ್ದರು. ಮೊಣಕೈ ಇಳಿಸು. ಉಸಿರು ಹಿಡಿಯಬೇಡ. ಎರಡನೆಯ ದಿನ, ಕೊನೆಯ ತಿರುವಿಗೆ ಬಂದಾಗ ಕೈ ಎತ್ತಿ ನಿಲ್ಲಿಸಿದರು.

"ಇಲ್ಲಿಯವರೆಗೆ ಅಪ್ಪನದು. ಇಲ್ಲಿಂದ ಮುಂದೆ ನನ್ನದು."

"ನಿಮ್ಮದು ಅಂದರೆ?"

"ಕೊನೆಗೆ ಅಪ್ಪ ಎಡಕ್ಕೆ ತಿರುಗಿ ಅಂಗಳದ ಮೂಲೆಗೆ ಹೋಗುತ್ತಿದ್ದರು. ಅಲ್ಲಿ ನೀರಿನ ದೊಡ್ಡ ಜಾಡಿ. ಕಿಟಕಿಯಿಂದ ಭುಜ ಮಾತ್ರ ಕಾಣುತ್ತಿತ್ತು. ಕೈ ಏನು ಮಾಡಿತು, ಗೊತ್ತಿಲ್ಲ. ಭುಜ ನೋಡಿ ಕೈಯನ್ನು ನಾನೇ ಊಹಿಸಿದೆ."

ನನಗೆ ತಟ್ಟನೆ ಅರ್ಥವಾಗಲಿಲ್ಲ. ಅರ್ಥವಾದಾಗ ಸಿಟ್ಟು ಬಂತು. ಏಳು ವರ್ಷ, ಬೆಳಗಾದರೆ ಈ ಕಾಂಕ್ರೀಟಿನ ಮೇಲೆ ನಿಂತು, ಮುನ್ನೂರು ವರ್ಷದ್ದೆಂದು ನಂಬಿ ನಾನು ಮಾಡಿದ್ದರಲ್ಲಿ ಮೂರನೆಯ ಒಂದು ಪಾಲು ಒಬ್ಬ ಹುಡುಗಿಯ ಊಹೆ.

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನೀನು ನಿಲ್ಲುತ್ತಿದ್ದೆಯಾ?"

"ಸುಳ್ಳನ್ನು ಕಲಿಸಿದಿರಿ" ಎಂದು ಹೇಳಿ ಇಳಿದು ಬಂದೆ.

ಮೂರು ದಿನ ಟೆರೇಸಿಗೆ ಹೋಗಲಿಲ್ಲ. ಅವರಿಗೆ ಉಳಿದಿದ್ದ ಹನ್ನೆರಡು ದಿನಗಳಲ್ಲಿ ಮೂರನ್ನು ನಾನು ಮುನಿಸಿನಲ್ಲಿ ಕಳೆದೆ. ಈ ಬರಹದಲ್ಲಿ ಬೇರೆ ಎಷ್ಟೋ ಸಂಗತಿಗಳನ್ನು ಮರೆತಿರಬಹುದು, ಆ ಮೂರು ಬೆಳಿಗ್ಗೆಗಳನ್ನು ಮರೆತಿಲ್ಲ. ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತ, ಮೇಲೆ ಕುರ್ಚಿ ಎಳೆದ ಸದ್ದನ್ನು ಕೇಳಿಸಿಕೊಂಡೂ ಹೋಗಲಿಲ್ಲ. ನಾಲ್ಕನೆಯ ದಿನ ಇವರೇ, "ಎಂತ ಐರಿನ್, ಆ ಮುದುಕಿ ಒಬ್ಬಳೇ ಬಿಸಿಲಲ್ಲಿ ಕೂತಿದ್ದಾಳೆ. ಹೋಗು" ಎಂದರು. ಹೋದೆ. ಅವರು ಏನೂ ನಡೆಯದವರಂತೆ, "ಮೊದಲಿನಿಂದ" ಎಂದರು. ಕೊನೆಯ ತಿರುವಿಗೆ ಬಂದಾಗ ನಾನು ನಿಂತೆ.

"ಬೇಡವೆನಿಸಿದರೆ ಅಲ್ಲಿಗೇ ಬಿಡು. ತಪ್ಪಲ್ಲ" ಎಂದರು.

ನಾನು ಎಡಕ್ಕೆ ತಿರುಗಿ ಕೊನೆಯವರೆಗೂ ಮಾಡಿದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು. ನನ್ನ ಹೆಜ್ಜೆಯ ಸದ್ದನ್ನು ಕೇಳುತ್ತಿದ್ದರೋ, ಸುಮ್ಮನೆ ದಣಿದಿದ್ದರೋ ತಿಳಿಯಲಿಲ್ಲ.

ಸೀಬ್ ವಿಮಾನ ನಿಲ್ದಾಣಕ್ಕೆ ಬಿಡಲು ನಾವು ಮೂವರೂ ಹೋದೆವು. ಹೋಟೆಲಿನ ಮನುಷ್ಯ ಅಲ್ಲಿಗೆ ಬಂದು, ಅಷ್ಟು ವರ್ಷ ಹೋಟೆಲಿನವರೇ ಇಟ್ಟುಕೊಂಡಿದ್ದ ಪಾಸ್‌ಪೋರ್ಟನ್ನು ಅವರ ಕೈಗೆ ಕೊಟ್ಟ. ತನ್ನ ಫೋಟೋವನ್ನು ಅವರು ಬಹಳ ಹೊತ್ತು ನೋಡಿದರು. ನಾನು ವಿಳಾಸ ಬರೆದುಕೊಡಲು ಹೇಳಿದೆ. ಅಪ್ಪನ ಮನೆ ಮಾರಿಹೋಗಿತ್ತು, ಅಣ್ಣ ತೀರಿಕೊಂಡಿದ್ದ. ಕೊನೆಗೆ ಹೋಟೆಲಿನ ಕಾಗದವೊಂದರ ಹಿಂದೆ ಅಣ್ಣನ ಮಗಳ ವಿಳಾಸ ಬರೆದರು. ಅಕ್ಷರಗಳು ಹುಳ ಹರಿದಂತಿದ್ದವು. "ಊರಿಗೆ ಹೋಗುತ್ತಿದ್ದೀರಿ, ಸಂತೋಷ ಅಲ್ಲವಾ ಆಂಟಿ?" ಎಂದು ಜೆಸಿಂತಾ ಇಂಗ್ಲಿಷಿನಲ್ಲಿ ಕೇಳಿದಳು. ಅವರು ಅವಳ ತಲೆ ಸವರಿ, "ನನಗೆ ಅಲ್ಲಿ ಯಾರೂ ಗೊತ್ತಿಲ್ಲ ಮಗೂ" ಎಂದರು. ಆಮೇಲೆ ಒಳಗೆ ಹೋದರು. ತಿರುಗಿ ನೋಡಲಿಲ್ಲ.

ಎರಡು ಕಾಗದ ಬಂದವು. ಎರಡನೆಯದು ಅಣ್ಣನ ಮಗಳ ಕೈಬರಹದಲ್ಲಿತ್ತು. ಅತ್ತೆಗೆ ಬರೆಯಲಾಗುತ್ತಿಲ್ಲ, ನಡೆಯಲು ಕಷ್ಟ, ಮುದುಕರನ್ನು ನೋಡಿಕೊಳ್ಳುವ ಮನೆಯಲ್ಲಿ ಬಿಟ್ಟಿದ್ದೇವೆ ಎಂದಿತ್ತು. ಬೆಳಿಗ್ಗೆ ಮಂಚದ ಮೇಲೆ ಕುಳಿತು ಭುಜಗಳನ್ನು ಅಲುಗಿಸುತ್ತಿರುತ್ತಾರೆ, ಅಲ್ಲಿನ ದಾದಿಯರು ಅದನ್ನೂ ಕಾಯಿಲೆಯೆಂದೇ ತಿಳಿದಿದ್ದಾರೆ, ಎಂದೂ ಬರೆದಿದ್ದಳು. ನಾನು ಕೂಡಲೇ ಉತ್ತರ ಬರೆದೆ, ಅದು ವಿದ್ಯೆ, ಕಾಯಿಲೆಯಲ್ಲ, ದಯವಿಟ್ಟು ಅವರಿಗೆ ತಿಳಿಸಿ ಎಂದು. ಉತ್ತರ ಬರಲಿಲ್ಲ. ಮರುವರ್ಷ ಬರೆದ ಕಾಗದ ಹಾಗೆಯೇ ಹಿಂದಿರುಗಿತು.

ನಾನು ಈಗಲೂ ದಿನಾ ಮಾಡುತ್ತೇನೆ, ಕೊನೆಯ ತಿರುವಿನ ಆಚೆಯದನ್ನೂ ಸೇರಿಸಿ. ಸರಿ ಎನ್ನಲು, ತಪ್ಪು ಎನ್ನಲು ಯಾರೂ ಇಲ್ಲ. ಜೆಸಿಂತಾಳಿಗೆ ಕಲಿಸಲು ನೋಡಿದೆ. ಹತ್ತು ನಿಮಿಷ ನಿಂತು, "ಮಮ್ಮಾ, ದಿಸ್ ಈಸ್ ಬೋರಿಂಗ್" ಎಂದು ಇಳಿದುಹೋದಳು. ಅವಳಿಗೆ ನಾನು ಬರೆದ ಕನ್ನಡ ಓದಲೂ ಬರುವುದಿಲ್ಲ. ಅವಳದೇನೂ ತಪ್ಪಿಲ್ಲ. ರಜೆಯಲ್ಲಿ ಕಲ್ಯಾಣಪುರಕ್ಕೆ ಹೋದಾಗ ಮನೆಯ ಹಿತ್ತಿಲಲ್ಲಿ ಮಾಡಲು ಹೋದೆ. ಅತ್ತಿಗೆ ನೋಡಿ, ಗಲ್ಫಿನಲ್ಲಿ ಇವಳಿಗೆ ತಲೆಗೆ ಬಿಸಿಲು ಹೊಡೆದಿದೆ ಎಂದು ನೆರೆಮನೆಯವರಿಗೆ ಹೇಳಿದಳಂತೆ. ಅಲ್ಲಿನ ಮೆತ್ತನೆಯ ಮಣ್ಣಿನಲ್ಲಿ ನನ್ನ ಕಾಲಿಗೂ ನಿಲುವು ಸಿಗಲಿಲ್ಲ. ಕಾಂಕ್ರೀಟಿನಲ್ಲಿ ಕಲಿತ ಕಾಲು ಅದು.

ಇಂಥ ಕೆಲಸಗಳಿಗೆ ಈ ದೇಶದವರನ್ನೇ ಇಡಬೇಕೆಂದು ಸರಕಾರ ಹೇಳಿದ್ದರಿಂದ ಈ ವರ್ಷ ಗ್ಯಾರೇಜಿನ ಸ್ಟೋರಿಗೆ ಒಬ್ಬ ಒಮಾನಿ ತರುಣನನ್ನು ತೆಗೆದುಕೊಂಡಿದ್ದಾರೆ. ಒಳ್ಳೆಯವನು, ಇವರನ್ನು ಅಂಕಲ್ ಎಂದು ಕರೆಯುತ್ತಾನೆ. ಅವನಿಗೆ ಕೆಲಸ ಕಲಿಸಿಕೊಟ್ಟ ಮೇಲೆ ಇವರ ಕೆಲಸ ಮುಗಿಯಿತು. ಇನ್ನಾದರೂ ಸ್ವಂತ ಊರಿಗೆ ಬರುತ್ತೀರಲ್ಲ ಎಂದು ನನ್ನ ಅಣ್ಣ ಸಂತೋಷದಿಂದ ಬರೆದಿದ್ದಾನೆ. ಮಂಗಳೂರಿನಲ್ಲಿ ಒಂದು ಫ್ಲ್ಯಾಟು ಕೊಂಡಿದ್ದೇವೆ. ಜೆಸಿಂತಾಳಿಗೆ ಅಲ್ಲಿಯೇ ಶಾಲೆ ನೋಡಿಯಾಗಿದೆ. ನಾನು ಎಲ್ಲರಿಗೂ, ಹೌದು, ಸಾಕಾಯಿತು ಎಂದೇ ಹೇಳುತ್ತಿದ್ದೇನೆ.

ಮೊನ್ನೆ ಟಿಕೆಟ್ಟಿನ ಕಾಗದಗಳಿಗೆ ಸಹಿ ಹಾಕಲು ಆಫೀಸಿಗೆ ಹೋಗಿದ್ದೆವು. ಗುಮಾಸ್ತ ಫಾರಮ್ಮು ತುಂಬುತ್ತ ತಲೆ ಎತ್ತದೆ ಕೇಳಿದ, "ಫ್ಯಾಮಿಲಿಯಲ್ಲಿ ಎಷ್ಟು ಜನ?"

ಇವರು ನನ್ನ ಕಡೆ ನೋಡಿ, "ಮೂವರು" ಎಂದರು.

ಹೊರಗೆ ಬಂದು ಕಾರಿನಲ್ಲಿ ಕುಳಿತ ಮೇಲೆ ಇವರು ಕೀಲಿ ತಿರುಗಿಸಲಿಲ್ಲ. "ಒಮ್ಮೆ ಮಗುವಿನ ಹತ್ತಿರ ಹೋಗಿ ಬರುವಾ?" ಎಂದು ಕೇಳಿದರು.

"ಬೇಡ" ಎಂದೆ.

ಹೋದರೆ, ನಾವು ಹೊರಟಿದ್ದೇವೆ, ಇನ್ನು ಬರುವುದಿಲ್ಲ ಎಂದು ಅಲ್ಲಿ ನಿಂತು ಹೇಳಬೇಕಾಗುತ್ತದೆ. ಪ್ರತಿ ವರ್ಷ ರಜೆಗೆ ಹೋಗುವಾಗ ಹಾಗೆ ಹೇಳಿದವರಲ್ಲ ನಾವು. ಸಾಮಾನು ಕಟ್ಟಿ, ಗ್ಯಾಸ್ ಆರಿಸಿ, ಬೀಗ ಹಾಕಿ ಹೋಗುತ್ತಿದ್ದೆವು, ಅಷ್ಟೇ. ಈ ಸಲವೂ ನಾನು ಹಾಗೆಯೇ ಹೋಗುತ್ತೇನೆ.